ಅಪ್ಪಂದಿರ ಹಾಜರಿ

ಏಣಿ ಕಾರ್ಖಾನೆಯ ಸೂಚನಾ ಫಲಕದ ಮೇಲೆ ಆ ಒಂದು ಹಾಳೆ ಬೀಳದೇ ಹೋಗಿದ್ದರೆ ರಿವೆಟಣ್ಣನ ಕ್ರಿಸ್‌ಮಸ್ ಹೇಗೋ ಸುಸೂತ್ರವಾಗಿ ಕಳೆದುಹೋಗುತ್ತಿತ್ತು. ಹಾಳೆಯಲ್ಲಿ ಇದ್ದದ್ದು ಇಷ್ಟು: "ನಮ್ಮ ಕಾರ್ಖಾನೆಯ ತಂದೆಯರು ಮಕ್ಕಳೊಂದಿಗೆ ಸಂತೋಷದ ಕ್ರಿಸ್‌ಮಸ್ ಆಚರಿಸಲು ನೆರವಾಗುವ ವಿಶೇಷ ತರಬೇತಿ. ದಿನ: ಕ್ರಿಸ್‌ಮಸ್. ಸಮಯ: ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಎಲ್ಲ ತಂದೆಯರ ಹಾಜರಿ ಕಡ್ಡಾಯ. ತಪ್ಪಿಸಿಕೊಂಡವರಿಗೆ ಮರುತರಬೇತಿ."

"ಹಬ್ಬದ ದಿನವೇ ಯಾಕೆ ಸರ್?" ಎಂದು ಯಾರೋ ಧೈರ್ಯ ಮಾಡಿ ಕೇಳಿದರು.

"ಬೇರೆ ದಿನ ಮಷೀನ್ ನಿಲ್ಸೋಕಾಗತ್ತೇನ್ರೀ?" ಎಂದರು ತರಬೇತಿ ಏರ್ಪಡಿಸಿದ್ದ ಕ್ಷೇಮಾಧಿಕಾರಿ. "ಎಲ್ಲಾ ಅಪ್ಪಂದಿರೂ ಬಿಡುವಾಗಿರೋದು ಅದೊಂದೇ ದಿನ!"

ರಿವೆಟಣ್ಣ ಬೆರಳು ಮಡಿಸಿ ಲೆಕ್ಕ ಹಾಕಿದ. ಹನ್ನೊಂದಕ್ಕೆ ಮುಗಿದರೆ ಹನ್ನೊಂದೂವರೆಗೆ ಮನೆ. ಮಗಳು ಬರುವುದು ಒಂದಕ್ಕೆ. ಪರವಾಗಿಲ್ಲ, ಬೇಕಾದಷ್ಟು ಹೊತ್ತಿದೆ.

ಹನ್ನೆರಡು ವರ್ಷದಿಂದ ಏಣಿಯ ಮೆಟ್ಟಿಲಿಗೆ ರಿವೆಟ್ ಮೊಳೆ ಹೊಡೆಯುತ್ತಿದ್ದ ಅವನಿಗೆ ಆ ಹೆಸರು ಅಂಟಿಕೊಂಡು ಸ್ವಂತ ಹೆಸರು ಸಂಬಳದ ದಿನಕ್ಕಷ್ಟೇ ಉಳಿದಿತ್ತು. ಎರಡು ವರ್ಷದ ಹಿಂದೆ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ತಪ್ಪು ಯಾರದೆಂದು ಹಿರಿಯರು ಮೂರು ಸಲ ಕೂತು ಮಾತಾಡಿ, ಕೊನೆಗೆ ಕಾಫಿ ಕುಡಿದು ಒಂದು ತೀರ್ಮಾನ ಮಾಡಿದ್ದರು. ವರ್ಷಕ್ಕೊಮ್ಮೆ, ಕ್ರಿಸ್‌ಮಸ್ ದಿನ, ಮಗುವಿನ ಸೋದರಮಾವ ಅವಳನ್ನು ಕರೆತರಬೇಕು. ಒಂದರಿಂದ ನಾಲ್ಕರವರೆಗೆ ಅಪ್ಪನ ಜೊತೆ ಬಿಟ್ಟು, ನಾಲ್ಕರ ಬಸ್ಸಿಗೆ ವಾಪಸು ಹತ್ತಿಸಬೇಕು. ಮೂರು ಗಂಟೆ. ವರ್ಷಪೂರ್ತಿ ಅವನು ಬದುಕುತ್ತಿದ್ದದ್ದು ಆ ಮೂರು ಗಂಟೆಗೇ.

ಕಳೆದ ವರ್ಷ ಮಗಳು, "ಅಪ್ಪಾ, ಜಡೆ ಹಾಕು" ಎಂದು ಬೆನ್ನು ಕೊಟ್ಟು ಕೂತಿದ್ದಳು. ರಿವೆಟಣ್ಣನ ಕೈಗೆ ಗೊತ್ತಿದ್ದದ್ದು ಬಿಚ್ಚದ ಹಾಗೆ ಬಿಗಿಯುವುದೊಂದೇ. ಊರು ಸೇರಿದ ಮೇಲೆ ಅವಳಮ್ಮ ಕತ್ತರಿ ಹಿಡಿಯಬೇಕಾಯಿತಂತೆ. ಆ ನಾಚಿಕೆಗೆ ಈ ವರ್ಷ ಎದುರುಮನೆಯ ಟೈಲರಕ್ಕನ ಹತ್ತಿರ ಪಾಠ ಹೇಳಿಸಿಕೊಂಡು, ಪ್ಯಾಕಿಂಗ್ ಹಗ್ಗದ ಮೇಲೆ ಒಂದು ತಿಂಗಳು ಅಭ್ಯಾಸ ಮಾಡಿದ್ದ. ಆ ತಿಂಗಳು ಕಾರ್ಖಾನೆಯಿಂದ ಹೊರಟ ಏಣಿಗಳೆಲ್ಲ ಮೂರೆಳೆ ಜಡೆ ಹಾಕಿಕೊಂಡೇ ಹೋದವು. "ಈ ಸಲ ಚೆನ್ನಾಗಿ ಹಾಕ್ತೀನಿ ಕಂದಾ" ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದ.

ತರಬೇತಿ ಒಂಬತ್ತಕ್ಕೆ ಶುರುವಾಗಲಿಲ್ಲ. ಸಭಾಂಗಣದ ಬೀಗದ ಕೈ ಇದ್ದದ್ದು ಜವಾನನ ಹತ್ತಿರ. ಜವಾನನೂ ಒಬ್ಬ ಅಪ್ಪನೇ ಆದ್ದರಿಂದ ಮಕ್ಕಳ ಜೊತೆ ಕೇಕು ತಿಂದು ಹತ್ತೂವರೆಗೆ ಬಂದ. ಬಾಗಿಲಲ್ಲೇ ಕ್ಷೇಮಾಧಿಕಾರಿ ಒಂದು ಬಿಸ್ಕತ್ ಡಬ್ಬ ಹಿಡಿದು ನಿಂತಿದ್ದರು.

"ಎಲ್ರೂ ಫೋನು ಇದ್ರಲ್ಲಿ ಹಾಕಿ. ಮಕ್ಕಳ ಜೊತೆ ಇರುವಾಗ ಫೋನು ಮುಟ್ಟಬಾರದು. ಇದೇ ಮೊದಲ ಅಭ್ಯಾಸ."

"ಇಲ್ಲಿ ಮಕ್ಕಳೇ ಇಲ್ವಲ್ಲ ಸರ್?"

"ಇದ್ದಾರೆ ಅಂದ್ಕೊಳ್ರೀ!"

ಕ್ಷೇಮಾಧಿಕಾರಿಗೆ ಮದುವೆಯಾಗಿರಲಿಲ್ಲ. ಹಾಗಾಗಿಯೇ ಮಕ್ಕಳ ವಿಷಯದಲ್ಲಿ ತಾವು ಪಕ್ಷಪಾತವಿಲ್ಲದೆ ಮಾತಾಡಬಲ್ಲೆವೆಂದು ಅವರು ಮೊದಲೇ ಹೇಳಿಬಿಟ್ಟರು. ಗೋಡೆಗೆ ದೊಡ್ಡದೊಂದು ಹಾಳೆ ತೂಗುಹಾಕಿ, ಕೋಲಿನಿಂದ ತೋರಿಸುತ್ತಾ ಓದಿದರು: "ಸೂತ್ರ ಒಂದು. ಹಬ್ಬದ ದಿನ ಅಪ್ಪ ಮನೆಯಲ್ಲಿರಬೇಕು."

ರಿವೆಟಣ್ಣ ಎದ್ದು ನಿಂತ. "ಹಾಗಾದ್ರೆ ಹೊರಡಬಹುದಾ ಸರ್?"

ಎಲ್ಲರೂ ಗೊಳ್ಳೆಂದರು. "ಪ್ರಶ್ನೆಗಳು ಕೊನೆಯಲ್ಲಿ" ಎಂದರು ಅಧಿಕಾರಿ.

ಸೂತ್ರಗಳು ಒಟ್ಟು ಇಪ್ಪತ್ತೆರಡಿದ್ದವು. ಒಂದೊಂದಕ್ಕೂ ಪ್ರಾತ್ಯಕ್ಷಿಕೆ. ಉಡುಗೊರೆಗೆ ಕಾಗದ ಸುತ್ತುವುದು, ಅಳುವ ಮಗುವನ್ನು ಸಮಾಧಾನ ಮಾಡುವುದು. ರಿವೆಟಣ್ಣನಿಗೆ ಮಗುವಾಗಿ ಸಿಕ್ಕವನು ಪ್ಯಾಕಿಂಗ್ ವಿಭಾಗದಲ್ಲಿ ಮೀಸೆ ಎಂದೇ ಹೆಸರಾದವನು. ನಾಲ್ಕು ಹೆಣ್ಣುಮಕ್ಕಳ ತಂದೆಯಾದ ಈ ದಢೂತಿ ಮನುಷ್ಯ ರಿವೆಟಣ್ಣನ ತೊಡೆಯ ಮೇಲೆ ತಲೆಯಿಟ್ಟು ಆರಾಮಾಗಿ ಅಳುತ್ತಿದ್ದ.

"ಬೇಗ ಸುಮ್ನಾಗೋ ಮಾರಾಯ, ಮುಗೀಲಿ" ಎಂದು ರಿವೆಟಣ್ಣ ಗೋಗರೆದ.

"ನಿಂಗೇನಪ್ಪಾ ಅವಸರ? ಮನೇಲಿ ನಾಲ್ಕು ಜನ ನನ್ನ ಬೆನ್ನ ಮೇಲೆ ಕುದುರೆ ಸವಾರಿ ಮಾಡೋಕೆ ಕಾಯ್ತಿದಾರೆ. ಇಲ್ಲಾದ್ರೂ ಸ್ವಲ್ಪ ಮಲಗ್ತೀನಿ." ಹೀಗೆಂದ ಮೀಸೆ ತಲೆಯೆತ್ತಿ ಇನ್ನೂ ಎರಡು ಸಂದೇಹ ಕೇಳಿದ.

ಒಂದು ಗಂಟೆಗೆ ಸರಿಯಾಗಿ ಬಿಸ್ಕತ್ ಡಬ್ಬದೊಳಗೆ ಫೋನೊಂದು ಹೊಡೆದುಕೊಳ್ಳತೊಡಗಿತು. ಅದು ತನ್ನದೇ ಎಂದು ರಿವೆಟಣ್ಣನಿಗೆ ಮೊದಲ ಸದ್ದಿಗೇ ಗೊತ್ತಾಯಿತು. ಎದ್ದ. "ಕೂತ್ಕೊಳ್ರೀ! ಮನಸ್ಸು ಹಿಡಿದಿಟ್ಕೊಳ್ಳೋದು ಅಂದ್ರೆ ಇದೇ!" ಎಂದು ಅಧಿಕಾರಿ ಕೋಲೆತ್ತಿದರು. ಫೋನು ನಿಂತಿತು. ಮತ್ತೆ ಹೊಡೆದುಕೊಂಡಿತು. ಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಾಳೆ, ಒಳಗೆ ಯಾರೂ ಇಲ್ಲ.

ಮೀಸೆ ಅವನ ಮುಖ ನೋಡಿದ. ಸಹಾಯ ಮಾಡೋಣವೆಂದು ಎದ್ದು ಗಟ್ಟಿಯಾಗಿಯೇ ಹೇಳಿದ: "ಸರ್, ಇವ್ನ ಮಗಳು ವರ್ಷಕ್ಕೆ ಒಂದೇ ಸಲ ಬರೋದು. ಹೆಂಡ್ತಿ ಬಿಟ್ಟು ಹೋಗಿದಾಳೆ. ಪಾಪ, ಇವ್ನನ್ನ ಬಿಟ್ಬಿಡಿ."

ಅಧಿಕಾರಿಯ ಕಣ್ಣು ಅರಳಿತು. ಇಡೀ ದಿನ ಅವರು ಕಾಯುತ್ತಿದ್ದದ್ದು ಇಂಥ ಒಬ್ಬ ಅಪ್ಪನಿಗಾಗಿಯೇ. "ಬಿಡೋದಾ? ಇವ್ರಿಗೇ ಕಣ್ರೀ ತರಬೇತಿ ಎಲ್ಲರಿಗಿಂತ ಜಾಸ್ತಿ ಬೇಕಾಗಿರೋದು! ಊಟ ಆದ್ಮೇಲೆ ನೀವೊಬ್ರೇ ಬನ್ನಿ, ಎರಡು ಗಂಟೆ ಕೂತು ಮಾತಾಡೋಣ."

ರಿವೆಟಣ್ಣ ಊಟಕ್ಕೆ ಕೂರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹಿಂದಿನ ಗೋಡೆಯ ಕಡೆ ನಡೆದ. ಮುಂದಿನ ಗೇಟಿನಿಂದ ಯಾವ ಅಪ್ಪನನ್ನೂ ಹೊರಗೆ ಬಿಡಬಾರದೆಂದು ಕಾವಲುಗಾರನಿಗೆ ಅಪ್ಪಣೆಯಾಗಿತ್ತು. ದಿನಕ್ಕೆ ಇನ್ನೂರು ಏಣಿ ಮಾಡುವ ಕಾರ್ಖಾನೆಯಲ್ಲಿ ಗೋಡೆ ಹತ್ತಲು ಅವನಿಗೆ ಒಂದೇ ಒಂದು ಏಣಿ ಸಿಗಲಿಲ್ಲ. ರಜೆಯೆಂದು ಎಲ್ಲವನ್ನೂ ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದರು. ಕೊನೆಗೆ ಖಾಲಿ ಡ್ರಮ್ಮೊಂದನ್ನು ಉರುಳಿಸಿ ತಂದು, ಹತ್ತಿ, ಪ್ಯಾಂಟು ಹರಿದುಕೊಂಡು ಆಚೆ ಬಿದ್ದ. ಆಗ ಒಂದೂ ಮುಕ್ಕಾಲು.

ಬಸ್ಸು ಸಿಕ್ಕೀತೆಂದು ದೊಡ್ಡ ರಸ್ತೆ ಹಿಡಿದು, ಸಿಗದೆ ಅರ್ಧ ಗಂಟೆ ಓಡಿದ. ಮನೆಯ ಬಾಗಿಲಿಗೆ ಬೀಗ ಹಾಗೇ ಇತ್ತು. ಟೈಲರಕ್ಕ ಕುತ್ತಿಗೆಗೆ ಟೇಪು ಹಾಕಿಕೊಂಡೇ ಹೊರಬಂದಳು.

"ಅಯ್ಯೋ, ಅವ್ರು ಹೋಗಿ ಅರ್ಧ ಗಂಟೆ ಆಯ್ತಲ್ಲಣ್ಣಾ! ಪಾಪ, ಮಗು ಮೆಟ್ಟಿಲ ಮೇಲೆ ಕೂತಿತ್ತು. ನೋಡೋಕಾಗ್ಲಿಲ್ಲ. 'ಕಾರ್ಖಾನೇಲೇ ನಿಮ್ಮಪ್ಪನಿಗೆ ಹಬ್ಬ, ಅಲ್ಲೇ ಹೋಗು ಪುಟ್ಟಾ' ಅಂತ ನಾನೇ ಕಳಿಸ್ದೆ."

"ದಾರೀಲಿ ಸಿಗ್ಲೇ ಇಲ್ವಲ್ಲಕ್ಕಾ?"

"ದೊಡ್ಡ ರಸ್ತೇಲಿ ಹೋದ್ರೆ ಸುತ್ತಾಗತ್ತೆ ಅಂತ ಸ್ಕೂಲಿನ ಹಿಂದಿನ ಅಡ್ಡದಾರಿ ತೋರಿಸ್ದೆ" ಎಂದಳು ಟೈಲರಕ್ಕ ಹೆಮ್ಮೆಯಿಂದ. ಆಮೇಲೆ ದನಿ ತಗ್ಗಿಸಿದಳು. "ತಲೆ ಬಾಚ್ಕೊಂಡೇ ಬಂದಿರ್ಲಿಲ್ಲ ಕಣಣ್ಣಾ. ನಾನು ಹಾಕ್ಲಾ ಅಂದ್ರೆ, 'ಬೇಡ, ನಮ್ಮಪ್ಪ ಹಾಕ್ತಾರೆ' ಅಂತು."

ರಿವೆಟಣ್ಣನಿಗೆ ಅಲ್ಲೇ ಕುಸಿದು ಕೂತು ಅತ್ತುಬಿಡೋಣ ಅನ್ನಿಸಿತು. ಆದರೆ ಅಳಲಿಕ್ಕೂ ಹೊತ್ತಿರಲಿಲ್ಲ. ಅಡ್ಡದಾರಿಯಲ್ಲಿ ಓಡಿದ.

ಎರಡೂ ಮುಕ್ಕಾಲಿಗೆ ಏದುಸಿರು ಬಿಡುತ್ತಾ ಗೇಟಿಗೆ ಬಂದಾಗ ಕಾವಲುಗಾರ ಕನ್ನಡಕ ಏರಿಸಿ ಹಾಜರಿ ಪುಸ್ತಕ ನೋಡಿದ.

"ನನ್ನ ಮಗಳು ಬಂದ್ಲಾ?"

"ಬಂದ್ಲು. ಅವಳಪ್ಪ ಒಳಗಿದಾನೆ ಅಂತ ಪುಸ್ತಕದಲ್ಲಿತ್ತು, ಅದಕ್ಕೇ ಮಾವನ ಜೊತೆ ಒಳಗೆ ಬಿಟ್ಟೆ."

"ಹಾಗಾದ್ರೆ ನನ್ನೂ ಬಿಡಪ್ಪಾ!"

"ಹೇಗಪ್ಪಾ ಬಿಡ್ಲಿ? ನೀನು ಬೆಳಿಗ್ಗೆ ಒಳಗೆ ಹೋಗಿದೀಯ, ಸಹಿ ಇದೆ. ಹೊರಗೆ ಬಂದಿದ್ದಕ್ಕೆ ಸಹಿ ಇಲ್ಲ. ಒಳಗಿರೋನನ್ನ ಇನ್ನೊಂದ್ಸಲ ಒಳಗೆ ಬಿಟ್ರೆ ಲೆಕ್ಕ ಎಲ್ಲಿಗೆ ಬರತ್ತೆ?"

"ಮಗೂನಾದ್ರೂ ಕರ್ಕೊಂಡು ಬಾ."

"ಗೇಟು ಬಿಟ್ಟು ನಾನು ಅಲ್ಲಾಡೋ ಹಾಗಿಲ್ಲ."

ಕೈ ಮುಗಿದ, ಬೈದ, ಕಾಲು ಹಿಡಿಯಲು ಬಗ್ಗಿದ. ಲೆಕ್ಕ ಸರಿಹೋಗಲಿಲ್ಲ. ಮತ್ತೆ ಹಿಂದಿನ ಗೋಡೆಗೆ ಸುತ್ತಿ ಓಡಿದ. ಈ ಕಡೆ ಡ್ರಮ್ಮೂ ಇರಲಿಲ್ಲ. ಎಲ್ಲಿಂದಲೋ ಕಲ್ಲು ಹೊತ್ತು ತಂದು ಒಂದರ ಮೇಲೊಂದು ಪೇರಿಸಿ, ಎರಡು ಸಲ ಜಾರಿ ಬಿದ್ದು, ಮೂರನೆಯ ಸಲ ಗೋಡೆಯ ತುದಿ ಹತ್ತಿ ಕೂತ. ದೂರದಲ್ಲಿ, ಅಂಗಳದ ಆಚೆ ತುದಿಯ ಗೇಟಿನಿಂದ, ಕೆಂಪು ಫ್ರಾಕಿನ ಪುಟ್ಟ ಹುಡುಗಿಯೊಬ್ಬಳು ಮಾವನ ಕೈ ಹಿಡಿದು ಹೊರಗೆ ಹೋಗುತ್ತಿದ್ದಳು. ಅವನು ಕೂಗಿದ್ದು ಅವಳಿಗೆ ಮುಟ್ಟಲಿಲ್ಲ.

ಬಸ್‌ ನಿಲ್ದಾಣಕ್ಕೆ ಅವನು ತಲುಪಿದಾಗ ಬಸ್ಸು ಆಗಲೇ ಹಿಮ್ಮುಖವಾಗಿ ಹೊರಳುತ್ತಿತ್ತು. ಕಿಟಕಿಯಲ್ಲಿ ಮಗಳ ಮುಖ. ಅಚ್ಚುಕಟ್ಟಾದ ಎರಡು ಜಡೆ.

"ಅಪ್ಪಾ! ಓಡ್ಬೇಡ, ಬಿದ್ದೋಗ್ತೀಯ!"

"ಕಂದಾ... ನಾನು ಮನೆಗೆ..."

"ಗೊತ್ತು. ಆ ಮೀಸೆ ಮಾಮ ಹೇಳಿದ್ರು, ನನ್ನ ನೋಡೋಕೇ ಗೋಡೆ ಹಾರಿದೀಯ ಅಂತ. ಜಡೆನೂ ಅವ್ರೇ ಹಾಕಿದ್ರು." ಬಸ್ಸು ಮುಂದೆ ಸರಿಯಿತು, ಅವನೂ ಪಕ್ಕದಲ್ಲೇ ಓಡಿದ. ಅವಳು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಕೂಗಿದಳು: "ಅಳ್ಬೇಡಪ್ಪಾ! ಆ ಸರ್ ನಂಗೆ ಏನು ಬೇಕು ಅಂತ ಕೇಳಿದ್ರು. ಮುಂದಿನ ಕ್ರಿಸ್‌ಮಸ್‌ಗೆ ಅಪ್ಪ ನಂಗೆ ಇಡೀ ದಿನ ಬೇಕು ಅಂದೆ. ಅವ್ರು ಬರ್ಕೊಂಡ್ರು! ಮಾವ ಅಮ್ಮಂಗೂ ಫೋನ್ ಮಾಡಿದ್ರು, ಅಮ್ಮ ಹೂಂ ಅಂದ್ಲು!"

ಬಸ್ಸು ತಿರುವಿನಲ್ಲಿ ಮರೆಯಾಯಿತು. ರಿವೆಟಣ್ಣ ರಸ್ತೆಯ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತ. ಮೂರು ಗಂಟೆ ಹೋಯಿತು ನಿಜ. ಆದರೆ ಮುಂದಿನ ವರ್ಷ ಇಡೀ ದಿನ. ಹೆಂಡತಿಯೂ ಹೂಂ ಅಂದಿದ್ದಾಳೆ. ಫೋನು ತೆಗೆದುಕೊಳ್ಳಲು ಕಾರ್ಖಾನೆಯ ಕಡೆ ನಡೆಯುವಾಗ, ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಬೈದ ಕ್ಷೇಮಾಧಿಕಾರಿಯ ಕಾಲಿಗೆ ಬೀಳಬೇಕೆನ್ನಿಸಿತು ಅವನಿಗೆ.

ಸಭಾಂಗಣ ಖಾಲಿಯಾಗಿತ್ತು. ಬಿಸ್ಕತ್ ಡಬ್ಬದಲ್ಲಿ ಅವನದೊಂದೇ ಫೋನು ಉಳಿದಿತ್ತು. ಅಧಿಕಾರಿ ಕರವಸ್ತ್ರದಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದರು.

"ಎಂಥಾ ಮಗು ಕಣ್ರೀ! ಇಡೀ ದಿನ ಅಪ್ಪ ಬೇಕು ಅಂತು. ನನಗೇ ತಡ್ಕೊಳ್ಳೋಕಾಗ್ಲಿಲ್ಲ. ಅವಳ ಆಸೆ ಈಡೇರಲೇಬೇಕು."

"ನಿಮ್ಮ ಉಪಕಾರ ಸರ್" ಎಂದು ರಿವೆಟಣ್ಣ ಕೈ ಮುಗಿದ.

"ಆದ್ರೆ ಇಡೀ ದಿನ ಮಗೂನ ನೋಡ್ಕೊಳ್ಳೋದು ಹುಡುಗಾಟ ಅಲ್ಲ. ಎರಡು ಗಂಟೆ ತರಬೇತಿಗೇ ಗೋಡೆ ಹಾರೋ ಅಪ್ಪ ನೀವು. ಅದಕ್ಕೇ ನಿಮಗೋಸ್ಕರ ವಿಶೇಷವಾಗಿ ಮೇಲಿನವರ ಹತ್ರ ಮಾತಾಡಿ ಮಂಜೂರು ಮಾಡಿಸಿದೀನಿ. ಇಲ್ಲಿ ಸಹಿ ಹಾಕಿ, ಫೋನ್ ತಗೊಂಡು ಹೊರಡಿ."

ರಿವೆಟಣ್ಣ ಕಾಗದ ಬೆಳಕಿಗೆ ಹಿಡಿದು ಓದಿದ. ಮರುತರಬೇತಿ. ಮುಂದಿನ ಕ್ರಿಸ್‌ಮಸ್, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಕೆಳಗೆ, ಇವತ್ತಿನ ಅನುಭವದಿಂದ ಹೊಸದಾಗಿ ಸೇರಿಸಿದ ಸೂಚನೆಯೊಂದಿತ್ತು: ಮಕ್ಕಳಿಗೆ ಪ್ರವೇಶವಿಲ್ಲ, ತಂದೆಯರ ಗಮನ ಬೇರೆಡೆ ಹೋಗುತ್ತದೆ.