ಅಪ್ಪನ ದೋಣಿಗೆ ಬಣ್ಣ

ಬಣ್ಣದ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದುವವರು ಲೋಕದಲ್ಲಿ ಕಡಿಮೆ. ನಾನು ಓದುತ್ತೇನೆ. ಹೆಮ್ಮೆಯಿಂದ ಹೇಳುತ್ತಿಲ್ಲ, ಅನುಮಾನ ಹೆಚ್ಚಿರುವವರಿಗೆ ರಸಾಯನಶಾಸ್ತ್ರದ ಎಂ.ಎಸ್ಸಿ. ಕೊಡಬಾರದು ಎಂದು ಅವ್ವ ಹೇಳುವುದರಲ್ಲಿ ಸತ್ಯವಿದೆ.

ಪಾರ್ಶ್ವವಾಯು ಬಡಿದು ಅಪ್ಪನ ಬಲಗೈ ಸೋತಮೇಲೆ, ಬೆರಳಿಗೆ ಕೆಲಸ ಕೊಡಿ ಎಂದಿದ್ದರು ಡಾಕ್ಟರು. ರಬ್ಬರ್ ಚೆಂಡು ಹಿಸುಕಲು ಅಪ್ಪ ಒಪ್ಪಲಿಲ್ಲ. ಹಗುರವಾದ ಕಟ್ಟಿಗೆ ತರಿಸಿ, ಎಂಟು ತಿಂಗಳು ಕೆತ್ತಿ, ಒಂದು ಮೊಳದ ದೋಣಿ ಮಾಡಿದರು. "ಬಣ್ಣ ನೀ ಹಚ್ಚವಾ. ಕಾಲುವಿ ಬಂದ್ ಆಗೂದ್ರೊಳಗ ನೀರಿಗೆ ಬಿಡೂಣು" ಎಂದರು. ನಮ್ಮ ಹೊಸಪೇಟೆಯ ಕಾಲುವೆಯಲ್ಲಿ ನೀರು ನಿಲ್ಲಲು ಇನ್ನು ನಾಲ್ಕು ವಾರವಿತ್ತು. ದೋಣಿ ನೀರು ಕುಡಿದು ಮುಳುಗಿದರೆ ಅಪ್ಪ ಮತ್ತೆ ಉಳಿ ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಯಾರಿಗೂ ಹೇಳದೆ ಬಣ್ಣದ ಅಂಗಡಿಗೆ ಹೋದೆ.

"ಗೇಟಿಗೇನ್ರಿ ಮೇಡಂ, ಕಿಟಕಿಗೇನ್ರಿ?" ಎಂದರು ಅಂಗಡಿಯವರು.

"ದೋಣಿಗೆ."

"ಹಂಗಾರ ನಾಕು ಲೀಟರಾದ್ರೂ ಬೇಕು."

ಕೈಯಲ್ಲಿ ಅಳತೆ ತೋರಿಸಿದೆ. ಅವರು ದೊಡ್ಡ ಡಬ್ಬಿಯನ್ನು ಗಂಭೀರವಾಗಿ ಕೆಳಗಿಟ್ಟರು. "ನೀರಾಗ ಬಿಡಾಕೋ, ಶೋಕೇಸಿನಾಗ ಇಡಾಕೋ?"

"ನೀರಾಗ ಬಿಡಾಕ್ರಿ" ಎಂದು, ಡಬ್ಬಿಗಳ ಮೇಲಿನ ಸಣ್ಣ ಅಕ್ಷರ ಓದತೊಡಗಿದೆ.

ನಾಲ್ಕು ಬಗೆಯ ಸಣ್ಣ ಡಬ್ಬಿಗಳನ್ನು ತಂದು, ಕಟ್ಟಿಗೆಯ ಚೂರುಗಳಿಗೆ ಹಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಒಂದು ಉಬ್ಬಿತು. ಇನ್ನೊಂದು ಉಗುರು ತಾಗಿದರೆ ಸಿಪ್ಪೆಯಂತೆ ಎದ್ದಿತು. ಮೂರನೆಯದು ನೀರನ್ನೇನೋ ತಡೆಯಿತು, ಬ್ರಷ್ಷಿನ ಗೆರೆ ಮಾತ್ರ ಹಾಗೇ ಉಳಿಯಿತು. ಎರಡು ವಾರ ಹೋಯಿತು. "ನಾ ಸಾಯೂದ್ರೊಳಗ ಒಣಗತೈತೇನವಾ?" ಎಂದರು ಅಪ್ಪ, ನಗದೆ. ಅವತ್ತೇ, ಯಾವ ದೋಷವೂ ಕಾಣದ ನಾಲ್ಕನೆಯದನ್ನು ಕೈಗೆತ್ತಿಕೊಂಡೆ. ತಿಳಿನೀಲಿ ಎನಾಮಲ್; ಪ್ರೈಮರ್ ಒಣಗಿದ ಮೇಲೆ ಒಂದೊಂದು ದಿನ ಬಿಟ್ಟು ಎರಡು ಸಲ ತೆಳ್ಳಗೆ, ಒಳಗೂ ಹೊರಗೂ ಬಳಿದೆ. ಯಾರೂ ಮುಟ್ಟಬಾರದು ಎಂದು ಚೀಟಿಯನ್ನೂ ಇಟ್ಟೆ.

ಮರುದಿನ ಶುಕ್ರವಾರ. ಮನೆಗೆ ಹೊಸ ಗಾಡಿ ಬಂದರೆ ಅವ್ವ ಪೂಜೆ ಮಾಡದೆ ಬಿಡುವವಳಲ್ಲ. ದೋಣಿಯ ಮೂತಿಗೆ ಕುಂಕುಮ ಬಿದ್ದಿತ್ತು, ಹಸಿ ಬಣ್ಣದಲ್ಲಿ ಅವಳ ಹೆಬ್ಬೆರಳ ಗುರುತಿನ ಸಮೇತ.

"ಚೀಟಿ ನೋಡಲಿಲ್ಲೇನು?"

"ನೋಡೀನಿ. ದೇವರ ಕೆಲಸಕ್ಕ ಮುಟ್ಟಿದ್ರ ಏನಾತು?"

ಉಜ್ಜಿ ಮತ್ತೆ ಬಳಿಯಲು ಇನ್ನೆರಡು ವಾರ ಬೇಕೆಂದೆ. "ಇನ್ನ ಏನೂ ಹಚ್ಚಬ್ಯಾಡ. ಒಣಗಲಿ" ಎಂದರು ಅಪ್ಪ.

ನೀರು ನಿಲ್ಲುವ ಹಿಂದಿನ ದಿನ ಮೂವರೂ ಕಾಲುವೆಗೆ ಹೋದೆವು. ಅಪ್ಪ ಮೆಟ್ಟಿಲ ಮೇಲೆ ಕೂತು, ಬಲಗೈಯಿಂದಲೇ ದೋಣಿಯನ್ನು ನೀರಿಗೆ ಇಟ್ಟರು. ಅದಕ್ಕೆ ಕಟ್ಟಿದ ದಾರ ನನ್ನ ಕೈಯಲ್ಲಿತ್ತು. ದೋಣಿ ಒಮ್ಮೆ ವಾಲಿತು, ಮತ್ತೆ ನೆಟ್ಟಗಾಯಿತು. ಅರ್ಧ ಗಂಟೆಯಾದರೂ ಒಂದು ಹನಿ ಒಳಗೆ ಇಳಿಯಲಿಲ್ಲ. "ಮುಂದಿಂದು ಎರಡು ಮೊಳ ಮಾಡೂಣು" ಎಂದರು ಅಪ್ಪ. ನಾನು ಸ್ವಲ್ಪ ಹೊತ್ತು ಆಚೆ ದಡವನ್ನು ನೋಡಿದೆ.

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಬಗ್ಗಿ ದೋಣಿ ನೋಡಿದರು. ಅಷ್ಟು ಪರೀಕ್ಷಿಸಿ ಆರಿಸಿದ ನೀಲಿ ಅವರ ಕಣ್ಣಿಗೆ ಬೀಳಲೇ ಇಲ್ಲ. ದಾರ ಹಿಡಿದಿದ್ದ ನನ್ನನ್ನು ಕೇಳಿದರು: "ಮುಂದ ಕೆಂಪಂದು ಭಾಳ ಚಂದ ಐತ್ರಿ. ನೀವಾ ಬಿಡಿಸಿದ್ರೇನು?"

ಅವ್ವ ಪಕ್ಕದಲ್ಲೇ ನಿಂತಿದ್ದಳು. ತಪ್ಪು ಮಾಹಿತಿ ಕೊಡುವುದು ನನ್ನ ಸ್ವಭಾವವಲ್ಲ.

"ಹೌದ್ರಿ" ಎಂದೆ.