ಇಡಿಗಂಟು, ತಿಂಗಳ ಕಂತು ಮತ್ತು ಹಿರಿಯಣ್ಣನವರು

ಎರಡು ಚೌಕಗಳು, ಒಂದೊಂದೂ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಆ ಶುಕ್ರವಾರ ಹಿರಿಯಣ್ಣನವರಿಗೆ ಒದಗಿದ ಸಕಲ ಫಜೀತಿಗೂ ಲಾಟರಿ ಕಚೇರಿಯ ಕಾಗದದ ಮೇಲೆ ಅಚ್ಚಾಗಿದ್ದ ಆ ಎರಡು ಖಾಲಿ ಚೌಕಗಳೇ ಮೂಲ. ಮೊದಲನೆಯದರ ಮುಂದೆ 'ಇಡಿಗಂಟು: ಒಂದು ಲಕ್ಷ ರೂಪಾಯಿ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಎರಡನೆಯದರ ಮುಂದೆ 'ತಿಂಗಳ ಕಂತು: ಸಾವಿರ ರೂಪಾಯಿಯಂತೆ ಹತ್ತು ವರ್ಷ, ವಿಜೇತರು ಬದುಕಿರುವವರೆಗೆ ಮಾತ್ರ' ಎಂದಿತ್ತು. ಎರಡರಲ್ಲೊಂದಕ್ಕೆ ಗುರುತು ಹಾಕಿ ಫೋರ್ಟಿನ ಕಚೇರಿಗೆ ಖುದ್ದಾಗಿ ಒಪ್ಪಿಸಬೇಕು. ಕಡೆಯ ದಿನ ಇಂದೇ, ಕಡೆಯ ಗಳಿಗೆ ನಾಲ್ಕು ಗಂಟೆ. ಕಾಗದವು ಪಕ್ಕದ ಚಾಳಿನ ಯಾರದೋ ಟಪಾಲಿನೊಡನೆ ಸೇರಿ ಹನ್ನೆರಡು ದಿನ ಅಜ್ಞಾತವಾಸ ಮುಗಿಸಿ ಈಗತಾನೇ ಬಂದಿತ್ತು.

ಹಿರಿಯಣ್ಣನವರಿಗೆ ಲಾಟರಿಯ ಆಸೆ ಎಂದೂ ಇದ್ದಿರಲಿಲ್ಲ. ಹೆಂಡತಿ ಕೌಸಲ್ಯಾ ತೀರಿಕೊಂಡು ಒಂಬತ್ತು ವರ್ಷ. ವಿಕ್ರೋಳಿಯ ಕಾರಖಾನೆಯಲ್ಲಿ ಯಂತ್ರಗಳ ನಕ್ಷೆ ಕಾಯುವ ಕೆಲಸದಿಂದ ನಿವೃತ್ತರಾಗಿ ಎರಡು ವರ್ಷ. ಅಂದಿನಿಂದ ವಿಲೆ ಪಾರ್ಲೆಯ ಸಾಲುಕೋಣೆಗಳ ಚಾಳಿನ ಮೂರನೆಯ ಮಾಳಿಗೆಯ ಕೋಣೆಯಲ್ಲಿ ಅವರ ದಿನಗಳು ಮಾತಿಲ್ಲದೆ ಕಳೆಯುತ್ತಿದ್ದವು. ಸಂಧ್ಯಾವಂದನೆಯ ಕೊನೆಯಲ್ಲಿ ಗೋತ್ರಪ್ರವರ ಹೇಳಿ ನಮಸ್ಕರಿಸುವಾಗ ಮಾತ್ರ ಅವರ ಹೆಸರು ಅವರ ಕಿವಿಗೇ ಬೀಳುತ್ತಿತ್ತು. ಸ್ಟೇಷನ್ನಿನ ಬಾಗಿಲಲ್ಲಿ ಲಾಟರಿ ಚೀಟಿ ಮಾರುತ್ತಿದ್ದ ವಿಜಾಪುರದ ಕಡೆಯ ದಾವಲಸಾಬನೊಬ್ಬ ಮಾತ್ರ, "ಬರ್ರೀ ಸಾಹೇಬ್ರ, ಊಟಾ ಆತೇನ್ರಿ?" ಎಂದು ಕೇಳುತ್ತಿದ್ದ. ಏನೂ ಕೊಳ್ಳದೆ ಬರಿದೇ ಮಾತಾಡಿಸಲು ಸಂಕೋಚಪಟ್ಟು ಹಿರಿಯಣ್ಣನವರು ವಾರಕ್ಕೊಂದು ಚೀಟಿ ಕೊಳ್ಳುತ್ತಿದ್ದರು. ಒಂದು ರೂಪಾಯಿಗೆ ಎರಡು ನಿಮಿಷದ ಕನ್ನಡ ಸಿಕ್ಕರೆ ನಷ್ಟವೇನು? ಹಾಗೆ ಕೊಂಡ ಚೀಟಿಗಳಲ್ಲೊಂದು ಅವರ ಅನುಮತಿಯನ್ನೂ ಕೇಳದೆ ಗೆದ್ದುಬಿಟ್ಟಿತು. ನಾಚಿಕೆಯಿಂದ ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಕಾಗದವನ್ನು ತಂದವರು ಚಾಳಿನ ಕಮಿಟಿಯ ಸೆಕ್ರೆಟರಿ ಬಸವಂತರಾಯರು. ಒಡೆದ ಲಕೋಟೆಯನ್ನು ಧ್ವಜದಂತೆ ಎತ್ತಿ ಹಿಡಿದು, ಮೆಟ್ಟಿಲ ಕೆಳಗಿನಿಂದಲೇ ಗರ್ಜಿಸುತ್ತ ಬಂದರು.

"ಏನ್ರೀ ಹಿರಿಯಣ್ಣ! ಲಕ್ಷಾಧೀಶ ಆಗಿ ಗಪ್‌ಚುಪ್ ಕುಂತೀರಲ್ಲ! ಲಕೋಟಿ ತಾನಾಗಿ ತೆರದಿತ್ರಿ, ನಾ ಏನೂ ಓದಿಲ್ಲ. ಎರಡೂ ಪುಟ ನೋಡಿದೆ, ಅಷ್ಟ."

ಅರ್ಧ ಗಳಿಗೆಯಲ್ಲಿ ಕೋಣೆ ತುಂಬಿತು. ಒಂಬತ್ತು ವರ್ಷದಿಂದ ಒಂದೇ ಕುರ್ಚಿಯಿದ್ದ ಆ ಮನೆಗೆ ಎಡಬಲದ ಮನೆಗಳಿಂದ ಕುರ್ಚಿಗಳು ಬಂದವು. ಮೇಲಿನ ಮಕ್ಕಳು, ಕೆಳಗಿನ ಮುದುಕರು, ನಲ್ಲಿಯ ಸರದಿ ಬಿಟ್ಟು ಬಂದ ಹೆಂಗಸರು. ಎಲ್ಲರಿಗೂ ಮುಂದೆ, ಹಿಟ್ಟಿನ ಕೈಯಲ್ಲೇ, ಕೆಳಮಾಳಿಗೆಯಲ್ಲಿ ಖಾನಾವಳಿ ನಡೆಸುವ ಉಡುಪಿ ಕಡೆಯ ದೇವಕ್ಕ.

"ಎಂತ ಯೋಚನೆ ಮಾರಾಯ್ರೆ? ಒಟ್ಟಿಗೆ ತಕೊಳ್ಳಿ," ಎಂದಳು ಆಕೆ. "ಹತ್ತು ವರ್ಷ ಅಂದ್ರೆ ಎಷ್ಟು ದೂರ ಉಂಟು ಗೊತ್ತುಂಟಾ? ನಿಮ್ಮ ಬಣ್ಣ ನೋಡಿದ್ರೆ ನನಗೆ ಮುಂದಿನ ದೀಪಾವಳಿಯದ್ದೇ ಹೆದರಿಕೆ."

"ಏ ದೇವಕ್ಕ, ಶುಭ ನುಡೀಬೇಕು!" ಎಂದರು ಬಸವಂತರಾಯರು. "ಇಡಿಗಂಟು ತಗೊಂಡ್ರ ಕಳ್ಳರಿಗೆ ಆಮಂತ್ರಣ ಕೊಟ್ಟಂಗ. ಕಂತು ಅಂದ್ರ ಪೆನ್ಷನ್ನು. ಮರ್ಯಾದಿ ಇರತೈತಿ."

"ಮರ್ಯಾದೆಯಲ್ಲಿ ಫ್ರಿಜ್ ಬರ್ತದಾ?"

"ಅವರಿಗ್ಯಾಕ ಬೇಕು ಫ್ರಿಜ್ಜು?"

"ಅವರಿಗೆ ಬೇಡ. ನನ್ನ ಖಾನಾವಳಿಗೆ ಬೇಕು. ಅವರು ಸಾಲ ಕೊಡ್ತಾರೆ. ಅಲ್ವಾ ಹಿರಿಯಣ್ಣನವ್ರೆ?"

ಅಷ್ಟರಲ್ಲಿ ಚಾಳು ಎರಡು ಮತಗಳಾಗಿ ಒಡೆದಿತ್ತು. ಒಬ್ಬರು ಪೂರ್ವಪಕ್ಷವನ್ನು ಮಂಡಿಸುವಷ್ಟರಲ್ಲಿ ಇನ್ನೊಬ್ಬರು ಸಿದ್ಧಾಂತವನ್ನು ಘೋಷಿಸುತ್ತಿದ್ದರು. ಗಂಟಿನವರು ಗೋಡೆಯ ಬದಿಗೆ, ಕಂತಿನವರು ಕಿಟಕಿಯ ಬದಿಗೆ. ಮಠಾಧಿಪತಿಗಳ ವಾದಸಭೆಯಲ್ಲೂ ಇಷ್ಟು ಶ್ರದ್ಧೆಯಿಂದ ಪರಮತ ಖಂಡನೆ ನಡೆದಿರಲಾರದು. ಅಲ್ಲಿ ಕಾಫಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಇಲ್ಲಿ ಹಿರಿಯಣ್ಣನವರು ಇದ್ದ ಎರಡು ಲೋಟಗಳನ್ನೇ ತೊಳೆತೊಳೆದು ಸರದಿಯ ಮೇಲೆ ಎಲ್ಲರಿಗೂ ಕಾಫಿ ಕೊಡುತ್ತಿದ್ದರು. ಸಕ್ಕರೆ ಮುಗಿಯಿತು, ಬೆಲ್ಲ ಮುಗಿಯಿತು, ನೈವೇದ್ಯಕ್ಕೆಂದು ಇಟ್ಟಿದ್ದ ಕಲ್ಲುಸಕ್ಕರೆಯೂ ದೇವರ ಕ್ಷಮೆ ಕೇಳಿಕೊಂಡು ಲೋಟಕ್ಕಿಳಿಯಿತು.

"ನೀವೇನಂತೀರ್ರಿ?" ಎಂದು ಯಾರೋ ಕೇಳಿದರು.

"ನೋಡೋಣ ಕಣ್ರೀ, ಇನ್ನೂ ಹೊತ್ತಿದೆಯಲ್ಲ," ಎಂದರು ಹಿರಿಯಣ್ಣನವರು.

ಹಣವನ್ನು ಕುರಿತು ಅವರು ಯೋಚಿಸುತ್ತಲೇ ಇರಲಿಲ್ಲ. ಒಲೆಯ ಮುಂದೆ ನಿಂತು, ಬೆನ್ನ ಹಿಂದಿನ ಗದ್ದಲವನ್ನು ಮಂಗಳವಾದ್ಯದಂತೆ ಕೇಳುತ್ತಿದ್ದರು. ಆ ಚೌಕಗಳು ಖಾಲಿಯಾಗಿರುವಷ್ಟು ಹೊತ್ತು ಈ ಕೋಣೆ ತುಂಬಿರುತ್ತದೆ. ಗುರುತು ಬಿತ್ತೋ, ಕುರ್ಚಿಗಳು ಎದ್ದು ತಮ್ಮ ತಮ್ಮ ಮನೆಗೆ ಹೋಗುತ್ತವೆ. ಯಾವ ಚೌಕಕ್ಕೆ ಗುರುತು ಹಾಕಿದರೆ ಇವರು ನಾಳೆಯೂ ಬರುತ್ತಾರೆ? ಅವರ ಪಾಲಿಗೆ ಇದ್ದದ್ದು ಅದೊಂದೇ ಪ್ರಶ್ನೆ. ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ?

ಒಂದು ಗಂಟೆಯ ಹೊತ್ತಿಗೆ ಬಸವಂತರಾಯರು ಗಡಿಯಾರ ನೋಡಿ ಹೌಹಾರಿದರು. ಹಿರಿಯಣ್ಣನವರನ್ನು ನಡುವೆ ಇಟ್ಟುಕೊಂಡು ಎರಡೂ ಪಕ್ಷಗಳಿಂದ ಆರಿಸಿದ ಏಳು ಮಂದಿ ಹೊರಟರು. ಸ್ಟೇಷನ್ನಿನ ಬಾಗಿಲಲ್ಲಿ, ದೂರದಿಂದಲೇ ಇವರ ವಾದವೆಲ್ಲ ಕೇಳಿಸಿಕೊಂಡಿದ್ದ ದಾವಲಸಾಬ ಎದ್ದು ನಿಂತು ಸಲಾಮು ಮಾಡಿದ.

"ಸಾಹೇಬ್ರ, ಇವರೆಲ್ಲಾ ಏನಂತಾರ ಬಿಡ್ರಿ. ನಿಮ್ಮ ದಿಲ್ ಏನಂತೈತಿ?"

ಹಿರಿಯಣ್ಣನವರು ಬಾಯಿ ತೆರೆಯುವಷ್ಟರಲ್ಲಿ, "ಅವರ ದಿಲ್ ಕೇಳಾಕ ಟೈಮಿಲ್ಲ, ಲೋಕಲ್ ಬಂತು!" ಎಂದು ಬಸವಂತರಾಯರು ಅವರನ್ನು ಒಳಕ್ಕೆ ದಬ್ಬಿದರು.

ಲೋಕಲ್ಲಿನಲ್ಲಿ ವಿವಾದ ಡಬ್ಬಿಗೆಲ್ಲ ಹಬ್ಬಿತು. ದಾದರ್ ಬರುವ ಹೊತ್ತಿಗೆ ಇಸ್ಪೀಟು ಆಡುತ್ತಿದ್ದ ನಾಲ್ವರು ಗುಜರಾತಿಗಳು ಗಂಟಿಗೂ, ಒಬ್ಬ ಪೊಲೀಸಿನವನು ಕಂತಿಗೂ ಮತ ಹಾಕಿದ್ದರು. "ಅರೇ ಕಾಕಾ, ಲಮ್‌ಸಮ್ ಲೇ ಲೋ!" ಎಂದು ಬಾಗಿಲಲ್ಲಿ ಜೋತಾಡುತ್ತಿದ್ದವನೊಬ್ಬ ಗಾಳಿಯೊಳಗಿಂದ ಕೂಗಿದ. ದೇವಕ್ಕ ಬುತ್ತಿ ಬಿಚ್ಚಿ ಇಡ್ಲಿ ಹಂಚಿದಳು. ಬಂಡಿ ಕುಲುಕಿತು, ಹಿರಿಯಣ್ಣನವರ ತೊಡೆಯ ಮೇಲಿದ್ದ ಕಾಗದದ ಮೇಲೆ, ಲೆಕ್ಕ ಹಾಕಿ ಇಟ್ಟಂತೆ, ಇಡಿಗಂಟಿನ ಚೌಕದೊಳಗೇ ಒಂದು ತೊಟ್ಟು ಚಟ್ನಿ ಬಿತ್ತು.

"ನೋಡಿ! ದೇವರೇ ಗುರುತು ಹಾಕಿದ!" ಎಂದು ದೇವಕ್ಕ ಕೈಮುಗಿದಳು.

"ದೇವರು ಚಟ್ನಿಲೇ ಬರಿಯಾಂಗಿಲ್ಲ!" ಎಂದು ಬಸವಂತರಾಯರು ಕರವಸ್ತ್ರ ಒದ್ದೆಮಾಡಿ ಉಜ್ಜಿದರು. ಉಜ್ಜಿದಷ್ಟೂ ಚಟ್ನಿ ಹರಡಿ, ಚರ್ಚ್‌ಗೇಟ್ ತಲುಪುವಾಗ ಎರಡೂ ಚೌಕಗಳು ಸಮವಾಗಿ ಹಸಿರಾಗಿದ್ದವು. ಅದ್ವೈತ ಸಾಧಿತವಾಯಿತೆಂದು ಹಿರಿಯಣ್ಣನವರಿಗೆ ನಗು ಬಂತು. ಅವರು ನಕ್ಕದ್ದನ್ನು ಯಾರೂ ಗಮನಿಸಲಿಲ್ಲ.

ಲಾಟರಿ ಕಚೇರಿಯ ಕಿಂಡಿಯ ಹಿಂದೆ ವಸಂತಿ ಎಂಬ ಹುಡುಗಿ ಕುಳಿತಿದ್ದಳು. ಹಸಿರು ಕಾಗದವನ್ನು ಎರಡು ಬೆರಳಿನಿಂದ ಎತ್ತಿ ಮೂಸಿ ನೋಡಿ, ಬದಲಿ ಕಾಗದ ಕೊಟ್ಟಳು. ಹೆಸರು ಓದಿ ತಲೆಯೆತ್ತಿದಳು. "ನೀವು ಕನ್ನಡ? ನನ್ನ ಆಜಿನೂ ಕನ್ನಡ. ಮೀ... ನಾನು ಥೋಡಾ ಥೋಡಾ ಬೋಲ್ತೀನಿ. ಗಲತ್ ಆದ್ರೆ ಹಸಬೇಡಿ."

"ಇಲ್ಲಮ್ಮ, ಯಾರು ನಗ್ತಾರೆ? ನಿಧಾನವಾಗಿ ಹೇಳು."

"ಒಟ್ಟು ಪೈಸಾ ತಗೊಂಡ್ರೆ ಚೆಕ್ ಮನೆಗೆ ಬರ್ತದೆ. ಮಗ್... ಆಮೇಲೆ ಖತಮ್. ಇಲ್ಲಿ ಬರೋದಿಲ್ಲ, ಯಾರೂ ನಿಮ್ಮನ್ನ ಕೇಳೋದಿಲ್ಲ." ಆಮೇಲೆ ಆಕೆ ಕಪಾಟಿನಿಂದ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ತೆಗೆದಳು. "ಕಂತು ತಗೊಂಡ್ರೆ ಇದು. ನೂರಾ ವೀಸ್... ನೂರಾ ಇಪ್ಪತ್ತು ಪಾನ, ಪೇಜ್. ಪ್ರತಿ ತಿಂಗಳು ಇಬ್ಬರು ಶೇಜಾರಿ, ಅಂದ್ರೆ ನೇಬರ್, ನಿಮ್ಮ ಮನೆಗೆ ಬರಬೇಕು, ನಿಮ್ಮನ್ನ ನೋಡಬೇಕು, ಮಾತಾಡಬೇಕು. ಜಿಂದಾ ಇದ್ದಾರೆ ಅಂತ ಸಹಿ ಹಾಕಬೇಕು. ಆ ಪಾನ ಕಳಿಸಿದ್ರೇನೇ ಪೈಸಾ."

"ಪ್ರತಿ ತಿಂಗಳಾ? ಹತ್ತು ವರ್ಷಾ?" ಕಂತಿನ ಪಕ್ಷದ ಆಚಾರ್ಯರಾದ ಬಸವಂತರಾಯರ ಮುಖವೇ ಇಳಿಯಿತು. "ಏನ್ ತ್ರಾಸರೀ ಇದು! ಮೂರು ಮಾಳಿಗಿ ಹತ್ತೂದು ಇಳಿಯೂದು. ಹಿರಿಯಣ್ಣ, ಗಂಟs ತಗೋರಿ, ಸುಡ್ರಿ ಅತ್ತ."

ತನ್ನ ಮತ ಗೆದ್ದಿತೆಂದು ದೇವಕ್ಕ ಕಣ್ಣರಳಿಸುವಷ್ಟರಲ್ಲಿ ಹಿರಿಯಣ್ಣನವರು ಲೇಖನಿ ಎತ್ತಿದ್ದರು. ಪ್ರತಿ ತಿಂಗಳು ಇಬ್ಬರು. ಮನೆಗೆ ಬರಬೇಕು, ನೋಡಬೇಕು, ಮಾತಾಡಬೇಕು. ಸರಕಾರದ ಆಜ್ಞೆ! ಐವತ್ತು ವರ್ಷ ಜಪಿಸಿದ ಗಾಯತ್ರಿಯ ಫಲವೆಲ್ಲ ಆ ಕಿಂಡಿಯಲ್ಲಿ ಪ್ರತ್ಯಕ್ಷವಾದಂತಿತ್ತು. ಎರಡನೆಯ ಚೌಕದಲ್ಲಿ, ಕಾಗದ ಹರಿಯುವಷ್ಟು ಗಟ್ಟಿಯಾಗಿ, ಗುರುತು ಹಾಕಿದರು.

"ಇಡೀ ದಿನ ಮೂಗ ಕೂತು, ಈಗ ನೋಡಿ ಅವಸರ!" ಎಂದು ದೇವಕ್ಕ ಹಣೆ ಚಚ್ಚಿಕೊಂಡಳು.

ಹಿಂತಿರುಗುವ ಬಂಡಿಯಲ್ಲಿ ಗಂಟಿನವರು ಅವರೊಡನೆ ಮಾತು ಬಿಟ್ಟರು, ಕಂತಿನವರು ಪರಸ್ಪರ ಗುಸುಗುಸು ಮಾಡಿದರು. "ಪುಸ್ತಕ ನನ್ನ ಹತ್ರ ಇರಲಿ, ನಿಯಮ ಅಭ್ಯಾಸ ಮಾಡತೀನಿ," ಎಂದು ಬಸವಂತರಾಯರು ಅದನ್ನು ಕಂಕುಳಲ್ಲಿಟ್ಟುಕೊಂಡರು. ಹಿರಿಯಣ್ಣನವರಿಗೆ ಯಾವುದರ ಪರಿವೆಯೂ ಇರಲಿಲ್ಲ. ಅವರ ಮನಸ್ಸು ಪಂಚಾಂಗ ರಚಿಸುತ್ತಿತ್ತು. ಸೆಪ್ಟೆಂಬರಿಗೆ ಬಸವಂತರಾಯರು, ದೇವಕ್ಕ. ಅಕ್ಟೋಬರಿಗೆ ಬಲಗಡೆ ಮನೆಯ ಜೋಶಿ ದಂಪತಿ. ಅವರಿಗೆ ಒಬ್ಬಟ್ಟು ಹಿಡಿಸೀತೆ? ಬಂದವರು ಸಹಿ ಹಾಕಿ ಎದ್ದುಬಿಡದಂತೆ ಒಂದು ಗಂಟೆಯಾದರೂ ಕೂರಿಸುವುದು ಹೇಗೆ? ಸ್ಟೇಷನ್ನಿನಿಂದ ಬರುತ್ತ ಅರ್ಧ ಕಿಲೋ ಸಕ್ಕರೆ, ಪಾವು ಕಿಲೋ ಗೋಡಂಬಿ, ಒಂದು ಲೇಖನಿ ಕೊಂಡರು. ಲೇಖನಿಯಲ್ಲಿ ಮಸಿ ತಡೆತಡೆದು ಇಳಿಯುತ್ತದೆಯೇ ಎಂದು ಅಂಗಡಿಯಲ್ಲೇ ಗೀಚಿ ಪರೀಕ್ಷಿಸಿದರು. ಸಹಿ ನಿಧಾನವಾದಷ್ಟೂ ಒಳ್ಳೆಯದು.

ಸಾಯಂಸಂಧ್ಯೆ ಮುಗಿಸಿ ಆಚಮನದ ನೀರು ಒರೆಸುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಬಸವಂತರಾಯರು, ಹಿಂದೆ ದೇವಕ್ಕ. ಇಬ್ಬರ ಮುಖದಲ್ಲೂ ತೀರ್ಥಯಾತ್ರೆ ಮುಗಿಸಿದವರ ಬಳಲಿಕೆ ಮತ್ತು ಧನ್ಯತೆ.

"ಹಿರಿಯಣ್ಣ, ನಿಮ್ಮ ಚಿಂತಿ ಹರೀತು ನೋಡ್ರಿ!" ಎಂದು ಬಸವಂತರಾಯರು ಪುಸ್ತಕವನ್ನು ಅವರ ಕೈಗಿಟ್ಟರು. "ತಿಂಗಳಾ ತಿಂಗಳಾ ನೀವು ಮಂದಿ ಬಾಗಿಲಿಗೆ ಹೋಗಿ, ಬರ್ರಿ, ನನ್ನ ನೋಡ್ರಿ ಅಂತ ಗೋಗರಿಯೂದು ನಮಗ ಸರಿ ಕಾಣಲಿಲ್ಲ. ಕಮಿಟಿ ಕೂಡಿಸಿ ಒಂದs ಬೈಠಕ್‌ನಾಗ ನೂರಾ ಇಪ್ಪತ್ತೂ ಹಾಳಿ ಸಹಿ ಮಾಡಿ ಒಗದ್ವಿ. ತಾರೀಖಿನ ಸಮೇತ!"

"ಸಿಟ್ಟಿದ್ರೂ ನಾನೂ ಸಹಿ ಹಾಕಿದೆ ಮಾರಾಯ್ರೆ. ಬೆರಳು ನೋಡಿ, ಊದಿ ಬೋಂಡಾ ಆಗಿದೆ," ಎಂದಳು ದೇವಕ್ಕ. "ಇನ್ನು ಹತ್ತು ವರ್ಷ ನಿಮಗೆ ಯಾರ ಕಿರಿಕಿರಿಯೂ ಇಲ್ಲ. ನಿಶ್ಚಿಂತೆಯಿಂದ ಬಾಗಿಲು ಹಾಕಿಕೊಂಡು ಇರಿ."

ಹಿರಿಯಣ್ಣನವರು ಕೈಯಲ್ಲಿದ್ದ ಪುಸ್ತಕದಿಂದ ತಲೆಯೆತ್ತಿದರು. "ಆದರೆ... ಬಂದು ನೋಡಬೇಕು ಅಂದಳಲ್ಲ ಆ ಹುಡುಗಿ? ಮಾತಾಡಬೇಕು ಅಂತ?"

"ಇವತ್ತು ಬೆಳಗಿನಿಂದ ನೋಡಿಲ್ಲೇನ್ರಿ? ಹತ್ತು ವರ್ಷಕ್ಕ ಸಾಲುವಷ್ಟು ಮಾತಾಡೇವಿ!" ಬಸವಂತರಾಯರು ದನಿ ತಗ್ಗಿಸಿದರು. "ಮತ್ತ ಎಲ್ಲಾ ಹಾಳಿ ಒಂದs ನಮೂನಿ ಇದ್ರ ಸಂಶಯ ಬರತೈತಿ. ಅದಕ್ಕ ಷರಾ ಕಾಲಮ್ಮಿನಾಗ ಅಲ್ಲಲ್ಲಿ ನಾನs ಖುದ್ದು ತಲಿ ಓಡಿಸಿ ಬರದೀನಿ."

"ಕಾಫಿ ಮಾಡ್ತೀನಿ, ಕೂತ್ಕೊಳ್ಳಿ. ಸಕ್ಕರೆ ತಂದಿದೀನಿ."

"ಅಯ್ಯೋ, ಅನ್ನಕ್ಕೆ ಇಟ್ಟು ಬಂದಿದ್ದೇನೆ," ಎಂದು ದೇವಕ್ಕ ಇಳಿದಳು. "ನಂದೂ ಊಟದ ಹೊತ್ತು," ಎಂದು ಬಸವಂತರಾಯರು, ಬೆಳಗ್ಗೆ ಬಂದಿದ್ದ ಕುರ್ಚಿಗಳಲ್ಲಿ ಉಳಿದಿದ್ದ ಕೊನೆಯದನ್ನು ತಲೆಯ ಮೇಲೆ ಹೊತ್ತು ಹೊರಟುಹೋದರು. ಬಾಗಿಲನ್ನು ಅವರೇ, ಬಹಳ ಕಾಳಜಿಯಿಂದ, ಎಳೆದುಕೊಂಡರು.

ಹಿರಿಯಣ್ಣನವರು ದೀಪದ ಕೆಳಗೆ ಕುಳಿತು ಪುಸ್ತಕವನ್ನು ಪುರಾಣದಂತೆ ಬಿಡಿಸಿದರು. ಸೆಪ್ಟೆಂಬರ್ ಒಂದು, ಸಾವಿರದ ಒಂಬೈನೂರ ಎಂಬತ್ತಾರು: ಮನೆಗೆ ಹೋಗಿ ಕಂಡೆವು, ಮಾತಾಡಿಸಿದೆವು, ಕ್ಷೇಮವಾಗಿದ್ದಾರೆ. ಅಕ್ಟೋಬರ್: ಕಂಡೆವು, ಮಾತಾಡಿಸಿದೆವು. ಎಂಬತ್ತೆಂಟರ ಏಪ್ರಿಲ್: ಮಂಡಿನೋವು, ಆದರೂ ನಗುನಗುತ್ತ ಬರಮಾಡಿಕೊಂಡರು. ತೊಂಬತ್ತರ ಯುಗಾದಿ: ಬೇವುಬೆಲ್ಲ ಕೊಟ್ಟರು, ಬಹಳ ಹೊತ್ತು ಕುಳಿತಿದ್ದೆವು. ತೊಂಬತ್ತಮೂರರ ನವೆಂಬರ್: ಸ್ವಲ್ಪ ಕೆಮ್ಮು ಇದೆ, ಕೇಳಿದೊಡನೆ ಎಲ್ಲರೂ ಓಡಿಹೋಗಿ ವಿಚಾರಿಸಿದೆವು.

ಆ ಸಾಲನ್ನು ಹಿರಿಯಣ್ಣನವರು ಎರಡು ಸಲ ಓದಿದರು. ಕನ್ನಡಕ ತೆಗೆದು ಮುಚ್ಚಿದ ಬಾಗಿಲನ್ನು ನೋಡಿದರು. ಬಳಿಕ ಬೆನ್ನು ನೆಟ್ಟಗೆ ಮಾಡಿಕೊಂಡು, ತಕ್ಕಮಟ್ಟಿಗೆ ಗಟ್ಟಿಯಾಗಿಯೇ, ಒಮ್ಮೆ ಕೆಮ್ಮಿದರು.

ಪಕ್ಕದ ಕೋಣೆಯಲ್ಲಿ ಯಾರೋ ರೇಡಿಯೋದ ದನಿಯನ್ನು ಸ್ವಲ್ಪ ಏರಿಸಿದರು.