ದೊನ್ ಎವೇಲಿಯೊ ಹಾಕಿದ ಸೊನ್ನೆ

ಇಷ್ಟೆಲ್ಲ ಫಜೀತಿಗೆ ಕಾರಣ ತರಬೇತಿಗೆ ಅಂಕ ಹಾಕುವ ಫಾರಮ್ಮಿನ ಕೊನೆಯ ಸಾಲು. ಇಂಟರ್ನ್ ಕೆಲಸ ಕಲಿಯದಿದ್ದಲ್ಲಿ ತರಬೇತಿಯನ್ನು ಇನ್ನೂ ಆರು ತಿಂಗಳು ವಿಸ್ತರಿಸಲಾಗುವುದು ಎಂದು ಅದರಲ್ಲಿತ್ತು. ಓದಿದ ದೊನ್ ಎವೇಲಿಯೊನ ಮುಖ ಅರಳಿತು.

ಮನಿಸಾಲೆಸ್ ಎಂಬ ಗುಡ್ಡದ ಊರಿನ ಇಳಿಜಾರು ಬೀದಿಯೊಂದರಲ್ಲಿ ಮದುವೆ ಕಾಗದ ಅಚ್ಚು ಹಾಕುವ ಪುಟ್ಟ ಪ್ರೆಸ್ಸು ಅವನದು. ಮಕ್ಕಳನ್ನೆಲ್ಲ ದಡ ಸೇರಿಸಿ ಐವತ್ತೆರಡರ ಪ್ರಾಯದಲ್ಲಿ ಮುದ್ರಣದ ಡಿಪ್ಲೊಮಾಕ್ಕೆ ಸೇರಿದ್ದ ನೂಬಿಯಾ ಅಲ್ಲಿಗೆ ಇಂಟರ್ನ್ ಆಗಿ ಬಂದು ಇವತ್ತಿಗೆ ಆರು ತಿಂಗಳು. ಎರಡನೇ ವಾರಕ್ಕೇ ಹಳೇ ಯಂತ್ರ ಅವಳ ಮಾತು ಕೇಳತೊಡಗಿತ್ತು. ಮೂರನೇ ವಾರಕ್ಕೆ ಗಿರಾಕಿಗಳೂ. ಎವೇಲಿಯೊ ಕಾಫಿ ಹೀರುತ್ತ ಕೂತು, ಎಲ್ಲ ತಾನೇ ಕಲಿಸಿದ್ದೆಂದು ಬೀದಿಗೆಲ್ಲ ಸಾರಿದ್ದ. ಈಗ ಅವಳು ಹೋದರೆ ಪ್ರೆಸ್ಸಿಗೆ ಬೀಗವೇ ಗತಿ. ಇಲ್ಲೇ ಇರಿ ಎಂದು ಬಾಯಿಬಿಟ್ಟು ಕೇಳಲು ಜಂಬ ಅಡ್ಡ ಬಂತು. ಫೇಲು ಮಾಡಿಬಿಟ್ಟರೆ ಕೇಳುವ ಪ್ರಮೇಯವೇ ಇಲ್ಲವಲ್ಲ.

ಹತ್ತು ಗಂಟೆಗೆ ಡಿಪ್ಲೊಮಾ ಸಂಸ್ಥೆಯಿಂದ ಪ್ರೊಫೆಸರಮ್ಮ ಸೊರಾಯ್ದಾ ನೂಬಿಯಾಳ ಕೆಲಸ ನೋಡಲು ಬಂದರು. ಎವೇಲಿಯೊ ಮೊದಲೇ ಯಂತ್ರದ ಸ್ಕ್ರೂ ಒಂದನ್ನು ಸಡಿಲಿಸಿಟ್ಟಿದ್ದ. ನೂಬಿಯಾ ಚಾಲು ಮಾಡುತ್ತಲೇ ಯಂತ್ರ ಕೆಮ್ಮಿ ನಿಂತಿತು. ಅವಳು ತುರುಬಿನಿಂದ ಹೇರ್‌ಪಿನ್ ಕಿತ್ತು, ಒಳಗೆ ತೂರಿಸಿ ತಿರುವಿದಳು. ಅದು ಮತ್ತೆ ಗಡಗಡ ಓಡಿತು.

ದಿನಾ ತಡವಾಗಿ ಬರುತ್ತಾಳೆಂದು ಎವೇಲಿಯೊ ದೂರಿದ. ಬಾಗಿಲ ಪಕ್ಕದಲ್ಲಿ ಮೆಕ್ಕೆಜೋಳದ ಅರೆಪಾ ರೊಟ್ಟಿ ಸುಟ್ಟು ಮಾರುವ ಒಫೇಲಿಯಾಗೆ ಊರ ಉಸಾಬರಿಯೆಲ್ಲ ಬೇಕು.

"ಯಾರು, ನೂಬಿಯಾನಾ? ಏಳಕ್ಕೆಲ್ಲ ಶಟರ್ ಎತ್ತೋಳು ಅವ್ಳೇ. ಒಂಬತ್ತೂವರೆಗೆ ಆಕಳಿಸ್ಕೊಂಡು ಬರೋರು ನೀವಲ್ವಾ, ದೊನ್ ಎವೇಲಿಯೊ?"

ಗಿರಾಕಿಗಳಿಗೆ ಎದುರು ಮಾತಾಡುತ್ತಾಳೆಂದ. ಅಷ್ಟರಲ್ಲೇ ಬಂದ ಮದುಮಗಳ ತಾಯಿಯೊಬ್ಬಳು ನೂಬಿಯಾಳನ್ನು ಅಪ್ಪಿಕೊಂಡಳು. ಸಾಲದ್ದಕ್ಕೆ, ಹಿರಿಮಗಳ ಮದುವೆ ಕಾಗದದಲ್ಲಿ ಎವೇಲಿಯೊ ಗಂಡಿನ ಹೆಸರಿನ ಜಾಗದಲ್ಲಿ ಪಾದ್ರಿಯ ಹೆಸರು ಅಚ್ಚು ಹಾಕಿದ್ದನ್ನೂ ಪ್ರೊಫೆಸರಮ್ಮನಿಗೆ ವಿವರವಾಗಿ ಹೇಳಿದಳು.

ಎವೇಲಿಯೊ ಬೆವರೊರೆಸಿಕೊಂಡು ಕಡೆಯ ಬಾಣ ಬಿಟ್ಟ.

"ನೋಡಿ ಪ್ರೊಫೆ, ಯಾರು ಏನ್ ಬೇಕಾದ್ರೂ ಹೇಳ್ಲಿ. ಆರ್ ತಿಂಗ್ಳಲ್ಲಿ ನನ್ ಹತ್ರ ಇವ್ರು ಏನೂ ಕಲ್ತಿಲ್ಲ."

ಫಾರಮ್ಮಿನಲ್ಲಿ ಸೊನ್ನೆ ಸುತ್ತಿ ಸಹಿ ಜಡಿದ. ನೂಬಿಯಾಳ ಮುಖ ಬಾಡಿದ್ದು ಕಂಡು ಪಾಪ ಅನ್ನಿಸಿತು. ಹೇಗೂ ಇನ್ನಾರು ತಿಂಗಳು ಇಲ್ಲೇ ಇರುತ್ತಾಳೆ, ನಿಧಾನಕ್ಕೆ ಸಮಾಧಾನ ಮಾಡಿದರಾಯಿತು ಎಂದುಕೊಂಡ.

"ಅದಂತೂ ನಿಜ," ಎಂದರು ಸೊರಾಯ್ದಾ. "ನಿಮ್ಮತ್ರ ಕಲಿಯೋಕೆ ಏನೂ ಇಲ್ಲ ಅಂತ ನಂಗೂ ಗೊತ್ತಾಯ್ತು. ಕಲಿಸ್ದೇ ಇರೋ ಕಡೆ ಮತ್ತೆ ಬಿಡೋ ಹಾಗಿಲ್ಲ. ಇನ್ನಾರ್ ತಿಂಗ್ಳು ಎದುರಿನ ಎಲಿಯೇಸರ್ ಪ್ರೆಸ್ಸಲ್ಲಿ ಮಾಡ್ಲಿ."

ಎಲಿಯೇಸರ್ ಇಪ್ಪತ್ತು ವರ್ಷದಿಂದ ಎವೇಲಿಯೊನ ಗಿರಾಕಿಗಳ ಮೇಲೆ ಕಣ್ಣಿಟ್ಟು ಕೂತವನು.

ನೂಬಿಯಾ ಏಪ್ರನ್ ಬಿಚ್ಚಿ ಮಡಿಸಿಟ್ಟಳು. ಚೀಲದಿಂದ ಕಾಗದವೊಂದನ್ನು ತೆಗೆದು ಅವನ ಮುಂದೆ ಹರವಿದಳು. ಇದೇ ಪ್ರೆಸ್ಸಿನಲ್ಲಿ ಕಾಯಂ ಕೆಲಸ ಕೊಡಿರೆಂದು ದೊನ್ ಎವೇಲಿಯೊಗೆ ಅವಳು ಬರೆದಿದ್ದ ಅರ್ಜಿ.

"ಪಾಸಾದ ತಕ್ಷಣ ಕೊಡೋಣಾಂತ ಇಟ್ಕೊಂಡಿದ್ದೆ," ಎಂದಳು. "ಈಗ ಹೆಸ್ರೊಂದು ಬದ್ಲಾಯಿಸ್ಬೇಕು. ಆ ಪೆನ್ನು ಸ್ವಲ್ಪ ಕೊಡ್ತೀರಾ?"